ಕಪಾಟಿನೊಳಗಿನ ಲಿಂಗ

ಮಗಳ ಎಂಟನೆಯ ತರಗತಿಯ ವರ್ಷ ನೆನಪಾದರೆ ನನಗೆ ಈಗಲೂ ಒಲೆಯ ಮುಂದೆ ಕೂತಷ್ಟು ಝಳ ಹತ್ತುತ್ತದೆ. "ಆಗಿದ್ದು ಆತು, ಎಷ್ಟಂತ ಅದನ್ನ ಹಿಡಕೊಂಡು ಕುಂದರ್ತಿ" ಎಂದು ಯಜಮಾನರು ಅನ್ನುತ್ತಾರೆ. ಅವರದು ಹುನಗುಂದದಲ್ಲಿ ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಟ್ಟರೆ ಅದು ಹಿಂದಿನದೆಲ್ಲ ಮರೆತು ತಿರುಗುತ್ತದೆ. ನನ್ನ ತಲೆ ಹಾಗೆ ತಿರುಗುವುದಿಲ್ಲ.

ಏಳನೆಯದರವರೆಗೆ ಮಗಳು ಊರಿನ ಕನ್ನಡ ಸಾಲಿಯಲ್ಲೇ ಓದಿದಳು. ಹೈಸ್ಕೂಲಿಗೆ ಇಳಕಲ್ಲಿಗೆ ಹಾಕೋಣ ಎಂದವಳು ನಾನೇ. ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಸಾಲಿ, ಬಸ್ಸು ಹತ್ತಿದರೆ ಚಹಾ ಆರುವುದರೊಳಗೆ ಇಳಕಲ್ಲು, ಗೇಟಿನ ಎದುರಿಗೇ ಇಳಿಸುತ್ತಾರೆ. ಗಣಿತ ಚೆನ್ನಾಗಿ ಹೇಳಿಕೊಡುತ್ತಾರೆ ಎಂದು ಓಣಿಯವರೆಲ್ಲ ಹೇಳಿದ್ದರು. ಅದು ಸುಳ್ಳಲ್ಲ. ಗಣಿತದ ಬಗ್ಗೆ ನನ್ನದೇನೂ ತಕರಾರಿಲ್ಲ.

ಜೂನ್ ತಿಂಗಳಲ್ಲಿ ಪಾಲಕರನ್ನೆಲ್ಲ ಕೂಡಿಸಿ ನಿಯಮ ಓದಿದರು. ಎರಡು ಜಡೆ, ಮಡಚಿ ಕಟ್ಟಬೇಕು. ಕರಿ ರಿಬ್ಬನ್ ಮಾತ್ರ. ಹೂವು ಮುಡಿಯಬಾರದು, ಬಳೆ ಇಡಬಾರದು, ಕಾಲ್ಗೆಜ್ಜೆ ಬೇಡ, ಜುಮುಕಿ ಬೇಡ, ಯಾವ ಆಭರಣವೂ ಬೇಡ. ಶನಿವಾರ ಬಿಳಿ ಬೂಟು. ನಾನು ಎಲ್ಲದಕ್ಕೂ ಹೂಂ ಎಂದೆ. ಶುಕ್ರವಾರ ಸಂಜೆ ಬೂಟಿಗೆ ಸುಣ್ಣದಂಥ ಪಾಲಿಶು ಬಳಿದು ಕಟ್ಟೆಯ ಮೇಲೆ ಒಣಗಿಸಿದೆ. ಹಂಚಿನ ಮೇಲೆ ರೊಟ್ಟಿ ಹಾಕಿ, ಅದು ಬೇಯುವಷ್ಟರಲ್ಲಿ ಒಂದು ಜಡೆ, ತಿರುವಿ ಹಾಕಿ ಇನ್ನೊಂದು ಜಡೆ. ನಮ್ಮ ಅತ್ತೆಯವರು, ಮಗಳು ಅವರನ್ನು ಆಯಿ ಅನ್ನುತ್ತಾಳೆ, ಬಾಗಿಲಲ್ಲಿ ಕೂತು ದಿನಾ ಒಂದೇ ಮಾತು: "ಬೋಳಗೈಲೆ ಹುಡುಗೀನ ಸಾಲಿಗೆ ಕಳಸೂದಂದ್ರ ಏನವಾ ಇದು?" ಬಳೆ ಇಲ್ಲದ ಕೈ ನಮ್ಮ ಕಡೆ ಅಪಶಕುನ. "ಸಾಲಿ ರೂಲ್ ಐತ್ರಿ ಅತ್ತಿ" ಎಂದು ನಾನೇ ಸಮಾಧಾನ ಮಾಡಿದ್ದೆ. ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ಕೆಲವರು ನನ್ನನ್ನು ಜಗಳಗಂಟಿ ಎಂದರು. ನಿಯಮಕ್ಕೆ ನಾನು ತಕರಾರು ತೆಗೆಯುವವಳಲ್ಲ.

ಅವತ್ತು ಸಭೆ ಮುಗಿದ ಮೇಲೆ ಕ್ಲಾಸ್ ಟೀಚರು ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. ಅವರು ಸಿಸ್ಟರ್ ಅಲ್ಲ, ಬಾಗಲಕೋಟೆಯವರು, ಸೀರೆ ಉಡುವ ಸಾದಾ ಟೀಚರು. ವಾರವೆಲ್ಲ ಇಳಕಲ್ಲಿನಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ನನ್ನ ಹಣೆಯ ಮೇಲಿನ ವಿಭೂತಿ ನೋಡಿ, ದನಿ ಸಣ್ಣದು ಮಾಡಿ, "ನಾವೂ ನಿಮ್ಮವರ ರೀ. ಹುಡುಗೀ ಚಿಂತಿ ಬಿಡ್ರಿ, ನಾ ಅದೀನಲ್ಲ" ಎಂದರು. ನಾನು ಎಷ್ಟು ಹಿಗ್ಗಿದೆ ಅಂತೀರಿ! ಬಸ್ಸಿನಲ್ಲಿ ಬರುವಾಗ ಯಜಮಾನರಿಗೆ ಅದನ್ನೇ ಹೇಳಿದ್ದು.

ಮಗಳ ಕೊರಳಲ್ಲಿ ಲಿಂಗ ಇತ್ತು. ನಮ್ಮಲ್ಲಿ ಒಂದು ಸಲ ದೀಕ್ಷೆ ಆಗಿ ಲಿಂಗ ಕಟ್ಟಿಸಿಕೊಂಡರೆ ಅದು ಮೈಮೇಲಿಂದ ಇಳಿಯುವ ಹಾಗಿಲ್ಲ. ಮಲಗುವಾಗಲೂ ಇಲ್ಲ, ಸ್ನಾನಕ್ಕೂ ಇಲ್ಲ. ದಿನಾ ಜಳಕ ಮಾಡಿ, ಅದನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡಿಯೇ ಊಟ. ಅದು ಮೈಯಿಂದ ಅಗಲಿದರೆ ಮತ್ತೆ ಕೈಗೆ ಬರುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಈಗ ಎಲ್ಲರೂ ಇಷ್ಟು ಪಾಲಿಸುವುದಿಲ್ಲ, ಅದು ಬೇರೆ ಮಾತು. ನಮ್ಮ ಮನೆಯಲ್ಲಿ ಆಯಿ ಪಾಲಿಸುತ್ತಾರೆ, ಮಗಳಿಗೆ ಕಲಿಸಿದವರೂ ಅವರೇ. ಲಿಂಗ ಇಡುವ ಬೆಳ್ಳಿಯ ಪುಟ್ಟ ಡಬ್ಬಿ, ಕರಡಿಗೆ, ಅದನ್ನೂ ಆಯಿ ತಮ್ಮದನ್ನೇ ಕೊಟ್ಟಿದ್ದರು. ಬಿಳಿ ದಾರದಲ್ಲಿ ಪೋಣಿಸಿ ಮಗಳು ಅದನ್ನು ಅಂಗಿಯ ಒಳಗೆ ಹಾಕಿಕೊಳ್ಳುತ್ತಿದ್ದಳು. ಜೂನ್‌ನಿಂದ ಆಗಸ್ಟ್‌ವರೆಗೆ ಯಾರೂ ಏನೂ ಅನ್ನಲಿಲ್ಲ.

ಆಗಸ್ಟಿನ ಒಂದು ಶನಿವಾರ ಮುಂಜಾನೆಯ ಸಾಲಿ ಮುಗಿಸಿ ಮಗಳು ಮಧ್ಯಾಹ್ನ ಮನೆಗೆ ಬಂದಳು. ಚೀಲದಿಂದ ಡಬ್ಬಿ ತೆಗೆದೆ, ಭಾರ ಇತ್ತು. ಉಪ್ಪಿಟ್ಟು ಹಾಕಿದ್ದು ಹಾಗೇ ಇದೆ.

"ಯಾಕ, ತಿನ್ನಲಿಲ್ಲೇನು?"

"ಇಲ್ಲ."

"ಆತು, ಕೈಕಾಲು ತೊಳಕೋ. ಬದನಿಕಾಯಿ ಪಲ್ಯ ಮಾಡೀನಿ, ರೊಟ್ಟಿ ಬಿಸಿ ಐತಿ."

"ನಾ ಉಣ್ಣಂಗಿಲ್ಲವ್ವಾ." ಅಂಗಿಯ ಕೊರಳು ಹಿಡಿದುಕೊಂಡು ನಿಂತಿದ್ದಳು. "ನನ್ನ ಲಿಂಗ ಟೀಚರ್ ತಗೊಂಡ್ರು."

ನನಗೆ ಮೊದಲು ತಿಳಿಯಲೇ ಇಲ್ಲ. ತಗೊಂಡ್ರು ಅಂದ್ರೆ? ಕೂಡಿಸಿಕೊಂಡು ಕೇಳಿದೆ. ಹೊಸ ಹೆಡ್ ಸಿಸ್ಟರ್ ಬಂದಿದ್ದಾರೆ, ಆಭರಣದ ನಿಯಮ ಬಿಗಿ ಮಾಡಿರಿ ಎಂದು ಟೀಚರುಗಳಿಗೆ ಹೇಳಿದ್ದಾರೆ. ಅದಕ್ಕೆ ಕ್ಲಾಸ್ ಟೀಚರು ಬಿಸ್ಕೀಟಿನ ತಗಡಿನ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ಬಂದರಂತೆ. ಗೆಜ್ಜೆ, ಜುಮುಕಿ, ಸರ, ಏನಿದ್ದರೂ ಅದರೊಳಗೆ. ನನ್ನ ಮಗಳ ಬೆಳ್ಳಿ ಕರಡಿಗೆ ಕೊರಳಿಂದ ಹೊರಗೆ ಬಂದಿತ್ತು.

"ನಾ ಹೇಳಿದೆನವ್ವಾ, ಟೀಚರ್, ಇದು ಲಿಂಗರಿ ಅಂತ. ಗೊತ್ತೈತಿ, ಬೆಳ್ಳೀದೈತಲ್ಲ, ತಗಿ ಅಂದ್ರು. ತಗೀಬಾರದ್ರಿ ಅಂದೆ. ಎಲ್ಲಾರಿಗೂ ಒಂದ ರೂಲ್, ಸೋಮವಾರ ನಿಮ್ಮ ಅವ್ವನ್ನ ಕರಕೊಂಡು ಬಂದು ಒಯ್ಯಿ ಅಂದ್ರು. ಡಬ್ಬಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು."

ಗೊತ್ತೈತಿ ಅಂದರಂತೆ! ಗೊತ್ತಿಲ್ಲದೆ ಮಾಡಿದ್ದರೆ ನಾನು ಈ ಬರಹ ಬರೆಯುತ್ತಲೇ ಇರಲಿಲ್ಲ.

ಆಯಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವರು ಕೂಗಾಡಲಿಲ್ಲ. ತಮಗೆ ಬಡಿಸಿಟ್ಟಿದ್ದ ತಾಟನ್ನು ತಾವೇ ಮುಚ್ಚಿಟ್ಟು, "ಅಕಿ ಉಂಡಾಗ ನಾನೂ ಉಣ್ತೇನಿ" ಎಂದು ಹೋಗಿ ಮೊಮ್ಮಗಳ ಪಕ್ಕ ಗೋಡೆಗೆ ಒರಗಿ ಕೂತರು.

ಟೀಚರಿಗೆ ಫೋನ್ ಹಚ್ಚಿದೆ. ಎರಡನೆಯ ಸಲಕ್ಕೆ ಎತ್ತಿದರು. ಹಿಂದೆ ಬಸ್ಸಿನ ಗದ್ದಲ.

"ಹಾಂ ಹೇಳ್ರಿ ಅಕ್ಕಾರ. ಊರಿಗೆ ಹೊಂಟೇನಿ, ಅಮೀನಗಡ ದಾಟೀವಿ ನೋಡ್ರಿ."

"ಟೀಚರ್, ಹುಡುಗೀ ಲಿಂಗ ನಿಮ್ಮ ಕಪಾಟಿನ್ಯಾಗ ಐತಂತ."

"ಹೌದ್ರಿ. ಕೀಲಿ ನನ್ನ ಹಂತ್ಯಾಕ ಐತಿ, ಭದ್ರ ಐತಿ, ಕಾಳಜಿ ಮಾಡಬ್ಯಾಡ್ರಿ."

"ಭದ್ರ ಐತೇನಂತ ನಾ ಕೇಳಿಲ್ಲ. ಅಕಿ ಊಟ ಬಿಟ್ಟು ಕುಂತಾಳ."

"ಏನ್ರಿ ಅಕ್ಕಾರ, ಈಗಿನ ಕಾಲದಾಗ ಯಾರು ಅಷ್ಟೆಲ್ಲಾ... ಒಂದ ದಿನದ ಮಾತು. ಉಣ್ಣಾಕ ಹೇಳ್ರಿ. ಸೋಮವಾರ ಮುಂಜಾನಿ ಮೊದಲ ಅಕೀದ ಕೊಡ್ತೇನಿ" ಎಂದು ಫೋನ್ ಇಟ್ಟರು.

ಒಂದು ದಿನದ ಮಾತು! ಹದಿಮೂರು ವರ್ಷದ ಹುಡುಗಿ, ಮುಂಜಾನೆ ಪೂಜೆ ಮಾಡಿ ಒಂದು ಕಪ್ಪು ಹಾಲು ಕುಡಿದು ಹೋದವಳು. "ಸ್ವಲ್ಪ ಹಾಲರೆ ಕುಡಿಯವಾ, ನಿಂದೇನು ತಪ್ಪಿಲ್ಲ, ಶಿವಾ ಸಿಟ್ಟಾಗಂಗಿಲ್ಲ" ಎಂದು ನಾನೇ ಹೇಳಿದೆ. ಹೆತ್ತ ಹೊಟ್ಟೆ, ಹೇಳದೆ ಇರಲಾಗಲಿಲ್ಲ. ಅವಳು ತಲೆ ಅಲ್ಲಾಡಿಸಿದಳು.

ಅಂಗಡಿಯಿಂದ ಯಜಮಾನರನ್ನು ಕರೆಸಿದೆ. ಅವರು ಸುದ್ದಿ ಕೇಳಿ ತಮ್ಮ ಸ್ವಭಾವದಂತೆ ರಿಪೇರಿಯ ದಾರಿ ಹುಡುಕಿದರು. "ಮಠಕ್ಕ ಹೋಗಿ ಸ್ವಾಮಿಗೋಳನ್ನ ಕೇಳ್ತೇನಿ. ಲಿಂಗ ಕಳಕೊಂಡವರಿಗೆ ಹೊಸಾದು ಕೊಡ್ತಾರಲ್ಲ, ಕಟ್ಟಿಸಿದ್ರಾತು."

ಮಗಳು ಅಪ್ಪನ ಮುಖ ನೋಡಿದಳು. "ನಂದು ಕಳದಿಲ್ಲಪಾ. ಕಪಾಟಿನ್ಯಾಗ ಐತಿ."

ನಾನು ಸೀರೆ ಬದಲಿಸಿ, ಚೀಲದಲ್ಲಿ ವಿಭೂತಿ ಗಟ್ಟಿ ಹಾಕಿಕೊಂಡು, ಮಗಳ ಕೈ ಹಿಡಿದುಕೊಂಡು ಇಳಕಲ್ಲಿನ ಬಸ್ಸು ಹತ್ತಿದೆ.

ಸಾಲಿಯ ಗೇಟು ಹಾಕಿತ್ತು. ವಾಚಮನ್ ನಮ್ಮ ಕಡೆಯವನೇ, ವಯಸ್ಸಾದವನು. "ಶನಿವಾರ ಮಧ್ಯಾಹ್ನ ಆಫೀಸ್ ಬಂದ್ ರೀ. ಸಿಸ್ಟರ್ ಮಲಗ್ಯಾರ" ಎಂದ. "ಎಬ್ಬಸ್ರಿ" ಎಂದೆ. ನನ್ನ ಮುಖ ನೋಡಿ ಬೇರೆ ಮಾತಿಲ್ಲದೆ ಒಳಗೆ ಹೋದ. ಸಾಲಿಗೆ ಹತ್ತಿಕೊಂಡೇ ಸಿಸ್ಟರ್‌ಗಳ ಮನೆ. ಕುರ್ಚಿ ಹಾಕಿದ ಒಂದು ಕೋಣೆಯಲ್ಲಿ ನಮ್ಮನ್ನು ಕೂಡಿಸಿದರು. ಬಹಳ ಹೊತ್ತು ಕಾಯಿಸಿದರು. ಒಳಗಿನಿಂದ ಮೀನಿನ ವಾಸನೆ ಬರುತ್ತಿತ್ತು. ಮಗಳು ನನ್ನ ಸೆರಗಿನ ತುದಿ ಮೂಗಿಗೆ ಹಿಡಿದಳು, ನಾನು ಕಣ್ಣಲ್ಲೇ ಗದರಿಸಿದೆ.

ಹೆಡ್ ಸಿಸ್ಟರ್ ಬಂದರು. ಮಂಗಳೂರು ಕಡೆಯವರು, ನಮ್ಮ ಸೀಮೆಗೆ ಹೊಸಬರು, ಅರವತ್ತರ ಹತ್ತಿರದ ವಯಸ್ಸು. ನಿದ್ದೆ ಕೆಟ್ಟ ಮುಖ.

"ಏನು ವಿಷಯ ಅಮ್ಮಾ? ಸೋಮವಾರ ಬರಬಹುದಿತ್ತಲ್ವಾ?"

ಹೇಳಿದೆ. ಅವರು ಕೇಳಿ, "ಆಭರಣ ಬೇಡ ಅಂತ ಜೂನ್‌ನಲ್ಲೇ ಹೇಳಿದ್ದಾರೆ. ನೀವು ಒಪ್ಪಿದ್ದೀರಿ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ" ಎಂದರು. ಕಂಠಪಾಠ ಒಪ್ಪಿಸಿದ ಹಾಗೆ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಹಂಗಾದ್ರ ಸಿಸ್ಟರ್, ನಿಮ್ಮ ಕೊರಳಾಗಿನ ಶಿಲುಬಿನೂ ತಗದು ಅದ ಡಬ್ಬಿಯೊಳಗ ಹಾಕ್ರಿ. ಗೆಜ್ಜಿ ಜೋಡಿ. ಸೋಮವಾರ ತಗೊಂಡ್ರಾತು" ಎಂದೆ. ಬಾಯಿಂದ ಬಿದ್ದ ಮೇಲೆ ಹೆದರಿಕೆಯಾಯಿತು, ಮಗಳ ಹೆಸರು ತೆಗೆದು ಕಳಿಸಿಬಿಟ್ಟರೆ ಏನು ಗತಿ ಎಂದು.

ಸಿಸ್ಟರ್ ಸಿಟ್ಟಾಗಲಿಲ್ಲ. ಕೊರಳಿನ ಶಿಲುಬೆ ಮುಟ್ಟಿ ನೋಡಿಕೊಂಡು, "ಇದನ್ನು ನಾನು ಸ್ನಾನಕ್ಕೆ ಹೋಗುವಾಗ ತೆಗೆದು ಮೊಳೆಗೆ ಹಾಕ್ತೇನೆ ಅಮ್ಮಾ. ರಾತ್ರಿ ಮೇಜಿನ ಮೇಲೆ ಇಡ್ತೇನೆ. ನೀವು ತೆಗೆಯುವುದೇ ಇಲ್ವಾ?" ಎಂದರು. ಚುಚ್ಚಲಿಕ್ಕಲ್ಲ, ನಿಜವಾಗಿ ಕೇಳಿದರು.

"ಇಲ್ರಿ."

"ಜ್ವರ ಬಂದರೆ?"

"ಇಲ್ರಿ."

"ಯಾಕೆ? ಗುರುತು ಮನಸ್ಸಿನಲ್ಲಿದ್ದರೆ ಸಾಕಲ್ವಾ?"

ನಾನು ಬಾಯಿ ತೆಗೆಯುವುದರೊಳಗೆ ಮಗಳು ಹೇಳಿದಳು. "ಅದು ಗುರ್ತಲ್ಲರಿ ಸಿಸ್ಟರ್. ದೇವರು ಅದು. ಒಳಗ ಅದಾನ."

"ಒಳಗೆ? ಆ ಬೆಳ್ಳಿ ಡಬ್ಬಿಯ ಒಳಗೆ?"

"ಹೂಂ ರೀ."

"ಇದ್ದಾರೆ ಅಂತಲಾ? ಅಥವಾ ನೆನಪಿಗೆ ಅಂತಲಾ?"

"ಅದಾನ್ರೀ" ಎಂದಳು ಮಗಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ಸಿಸ್ಟರ್ ಎದ್ದು ನಿಂತರು. ಕೋಣೆಯ ಆಚೆಗೆ ಅವರ ಪ್ರಾರ್ಥನೆಯ ಮನೆ, ಬಾಗಿಲು ತೆರೆದಿತ್ತು. ಒಳಗೆ ಒಂದು ಕೆಂಪು ದೀಪ, ಅದರ ಪಕ್ಕ ಗೋಡೆಯಲ್ಲಿ ಪರದೆ ಹಾಕಿದ ಸಣ್ಣ ಪೆಟ್ಟಿಗೆ. ಅದರತ್ತ ಒಂದು ಸಲ ನೋಡಿ, ನಮ್ಮತ್ತ ತಿರುಗಿ, "ನಮ್ಮಲ್ಲಿಯೂ ದೇವರು ಆ ಪೆಟ್ಟಿಗೆಯ ಒಳಗಿರುತ್ತಾರೆ. ಅದರ ಮುಂದೆ ದೀಪ ಆರಬಾರದು" ಎಂದರು. ಆಮೇಲೆ ಬಾಗಿಲಿಗೆ ಹೋಗಿ ಒದರಿದರು ನೋಡಿ, ನಾನೇ ಬೆಚ್ಚಿದೆ. "ಕಾಕಾ! ಹಾರೆ ತನ್ನಿ! ಸ್ಟಾಫ್ ರೂಮಿನ ಕಪಾಟಿನ ಬೀಗ ಒಡೀಬೇಕು!"

ವಾಚಮನ್ ಹಾರೆ ಹಿಡಿದು ಬಂದ. "ಸಿಸ್ಟರ್, ಟೀಚರ್ ಸೋಮವಾರ ಬರ್ತಾರಲ್ರಿ, ಚಲೋ ಕಪಾಟು..."

"ಸೋಮವಾರದವರೆಗೆ ದೇವರನ್ನು ಗೆಜ್ಜೆಯ ಜೊತೆ ಕೂಡಿಹಾಕಬೇಕಾ? ಒಡೀರಿ ನೀವು."

"ಹಂಗಂತೀರಾ? ಹಂಗಾದ್ರ ಹಿಂದ ಸರೀರಿ." ಒಂದೇ ಏಟಿಗೆ ಕೊಂಡಿ ಕಿತ್ತು ಬಂತು. ಅವನಿಗೂ ಹುರುಪು ಬಂದಿತ್ತೋ ಏನೋ.

ತಗಡಿನ ಡಬ್ಬಿ ತೆಗೆದರು. ಕೂದಲ ಕ್ಲಿಪ್ಪು, ಪ್ಲಾಸ್ಟಿಕ್ ಸರ, ಜುಮುಕಿ, ಅವುಗಳ ಅಡಿಯಲ್ಲಿ ನಮ್ಮ ಅತ್ತೆಯವರ ಕರಡಿಗೆ. ಅದರ ದಾರ ಯಾರದೋ ಕಾಲ್ಗೆಜ್ಜೆಗೆ ಸುತ್ತಿಕೊಂಡು ಗಂಟು ಬಿದ್ದಿತ್ತು. ಕಾಲಿಗೆ ಕಟ್ಟುವ ಗೆಜ್ಜೆ! ಬಿಡಿಸಲು ಸಿಸ್ಟರ್ ಕೈ ಮುಂದೆ ಮಾಡಿದರು. ಮಗಳು "ಬ್ಯಾಡ್ರಿ, ನಾ ಬಿಡಸ್ತೇನಿ" ಎಂದು ನೆಲಕ್ಕೆ ಕೂತು, ಉಗುರಿನಿಂದ ಒಂದೊಂದೇ ಎಳೆ ಬಿಡಿಸಿದಳು. ನಾವು ಮೂವರು ದೊಡ್ಡವರು ಸುತ್ತ ನಿಂತು ನೋಡಿದೆವು.

"ಇನ್ನು ಊಟ ಮಾಡಬಹುದಾ?" ಎಂದರು ಸಿಸ್ಟರ್.

"ಜಳಕಾ ಮಾಡಿ ಪೂಜಿ ಆಗಬೇಕ್ರಿ" ಎಂದೆ.

"ಹಾಗಾದರೆ ಹುನಗುಂದಕ್ಕೆ ಹೋಗುವವರೆಗೆ ಹಸಿದಿರಬೇಕಾ? ಇಲ್ಲೇ ಮಾಡಲಿ. ನೀರಿದೆ."

ಅವರ ಬಚ್ಚಲಲ್ಲೇ ಮಗಳು ಜಳಕ ಮಾಡಿದಳು. ನಾವು ಮೊದಲು ಕೂತಿದ್ದ ಕೋಣೆಯ ನೆಲ ಒರೆಸಿಸಿ ಅಲ್ಲಿ ಕೂಡಿಸಿದರು. ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟು, ಅದನ್ನೇ ನೋಡುತ್ತ ಅವಳು ಕೂತಳು. ಸಿಸ್ಟರ್ ಹೊಸ್ತಿಲಾಚೆ ನಿಂತು ನನ್ನ ಕಿವಿಯಲ್ಲಿ, "ಈಗ ಮಾತಾಡಬಾರದಾ?" ಎಂದರು. ನಾನು ಬೇಡವೆಂದು ಕೈ ಮಾಡಿದೆ. ಮುಗಿಯುವವರೆಗೆ ಅವರು ಅಲ್ಲೇ ನಿಂತರು. ಆಮೇಲೆ ತಾವೇ ಬಾಳೆಹಣ್ಣು ತಂದು, "ಅಡಿಗೆಮನೆಯದಲ್ಲ ಅಮ್ಮಾ, ತೋಟದ್ದು, ಮೀನು ಮುಟ್ಟಿಲ್ಲ" ಎಂದು ನಕ್ಕರು. ಮಗಳು ಸೆರಗು ಹಿಡಿದದ್ದನ್ನು ಅವರು ನೋಡಿಬಿಟ್ಟಿದ್ದರು! ನನಗೆ ನಾಚಿಕೆಯಾಯಿತು. ಮಗಳು ಮಾತ್ರ ನಾಚಿಕೆ ಇಲ್ಲದೆ ಒಂದರ ಮೇಲೊಂದು ತಿಂದಳು.

ಮನೆಗೆ ಫೋನ್ ಮಾಡಿದೆ. ಆಯಿ, "ಉಂಡ್ಲೇನು?" ಎಂದರು. "ಬಾಳಿಹಣ್ಣು ತಿಂದ್ಲರಿ." "ಹಂಗಾದ್ರ ನಾ ರೊಟ್ಟಿ ಮುರಕೋತೇನಿ."

ಇಷ್ಟಕ್ಕೇ ಮುಗಿದಿದ್ದರೆ ನಾನೂ ಯಜಮಾನರಂತೆ ಮರೆಯುತ್ತಿದ್ದೆನೋ ಏನೋ. ಸೋಮವಾರ ಟೀಚರು ಬಂದು ಮುರಿದ ಕೊಂಡಿ ನೋಡಿ, ಮಗಳನ್ನು ಇಡೀ ಕ್ಲಾಸಿನ ಮುಂದೆ ಎಬ್ಬಿಸಿ ನಿಲ್ಲಿಸಿದರಂತೆ. "ನಿನ್ನ ಹಟಕ್ಕ ಸಾಲಿ ಕಪಾಟು ಒಡೀಬೇಕಾತು. ಸಮಾಧಾನ ಆತೇನು?" ಮಂಗಳವಾರ ನಾನು ಹೋಗಿ ಗೇಟಿನ ಹತ್ತಿರವೇ ಅವರನ್ನು ನಿಲ್ಲಿಸಿದೆ.

"ಸಿಸ್ಟರ್‌ಗೆ ಗೊತ್ತಿರಲಿಲ್ಲ, ಕೇಳಿ ತಿಳಕೊಂಡ್ರು. ನಿಮಗ ಗೊತ್ತಿತ್ತಲ್ರಿ ಟೀಚರ್?"

"ಗೊತ್ತಿತ್ರಿ. ನಮ್ಮವರಿಗೆ ಬಿಟ್ಲು ಅಂತ ಮಂದಿ ಅನಬಾರದಲ್ಲ. ನಾ ನೌಕರಿ ಮಾಡಾಕಿ." ಅತ್ತಿತ್ತ ನೋಡಿದರು. "ಪಾಲಕರ ಸಭೆಯೊಳಗ ಇದನ್ನ ಎತ್ತಬ್ಯಾಡ್ರಿ ಅಕ್ಕಾರ, ಕೈ ಮುಗೀತೇನಿ."

ನಾನು ಮಾತು ಕೊಡಲಿಲ್ಲ.

ಮನೆಯಲ್ಲಿ ನಾನು, ಈ ಸಾಲಿ ಬಿಡಿಸಿ ಊರಿನ ಹೈಸ್ಕೂಲಿಗೇ ಹಾಕೋಣ ಎಂದೆ. ಮಗಳೇ ಒಪ್ಪಲಿಲ್ಲ. "ನಾ ಯಾಕ ಬಿಡ್ಲಿ? ಟೀಚರ್ ಬೇಕಾದ್ರ ಬಿಡ್ಲಿ" ಎಂದಳು.

ಪಾಲಕರ ಸಭೆ ಬಂತು. ಇಳಕಲ್ಲು, ಹುನಗುಂದ, ಸುತ್ತಲಿನ ಹಳ್ಳಿಗಳ ತಾಯಂದಿರು. ಹೆಡ್ ಸಿಸ್ಟರ್, ಯಾರಿಗಾದರೂ ಏನಾದರೂ ಹೇಳುವುದಿದೆಯಾ ಎಂದಾಗ ಎದ್ದು ನಿಂತೆ. ಟೀಚರು ತಲೆ ತಗ್ಗಿಸಿದರು. ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. "ನಮ್ಮ ಮಂದಿಯ ಹುಡುಗ್ಯಾರು ಈ ಕ್ಲಾಸಿನ್ಯಾಗ ಭಾಳ ಅದಾರ. ಅವರ ಕೊರಳಾಗಿನದೂ ನಾಳೆ ಹಿಂಗ ಡಬ್ಬಿಗೆ ಬಿದ್ರ?" ಎಂದು ಕೇಳಿದೆ. ಎಲ್ಲರೂ ನನ್ನ ಜೊತೆ ಏಳುತ್ತಾರೆ ಎಂದುಕೊಂಡಿದ್ದೆ.

ಪಕ್ಕದಲ್ಲಿ ಕೂತವರು ನಮ್ಮ ಹಿಂದಿನ ಓಣಿಯವರು, ದಿನಾ ಮಾತಾಡುವವರು. ಸೆರಗೆಳೆದು, "ನಮ್ಮ ಹುಡುಗೀದು ಇಲ್ಲರಿ. ಜೂನ್‌ನ್ಯಾಗ ತಗಸೀವಿ" ಎಂದರು.

"ಯಾರು ತಗಸಂದ್ರು?"

"ಯಾರು ಹೇಳಬೇಕ್ರಿ? ಆಭರಣ ಬ್ಯಾಡ ಅಂತ ಓದಿದ್ರಲ್ಲ. ಸುಮ್ಮನ ಯಾಕ ತಕರಾರು ಅಂತ ದೇವರ ಮನ್ಯಾಗ ಇಟ್ಟೀವಿ."

"ನಮ್ಮದೂ" ಎಂದರು ಹಿಂದಿನಿಂದ ಒಬ್ಬರು. "ನಮ್ಮದೂ ಹಂಗ ರೀ" ಎಂದರು ಇನ್ನೊಬ್ಬರು.

ಟೀಚರ್ ಒಬ್ಬರೇ ಅಲ್ಲ. ಇವರೆಲ್ಲ ಯಾರೂ ಕೇಳದೆಯೇ, ಯಾರೂ ಡಬ್ಬಿ ಹಿಡಿದು ಬರುವ ಮೊದಲೇ, ತಮ್ಮ ಮಕ್ಕಳ ಕೊರಳಿನ ಲಿಂಗವನ್ನು ತಾವೇ ಆಭರಣದ ಲೆಕ್ಕಕ್ಕೆ ಹಾಕಿ ಬಿಚ್ಚಿಟ್ಟಿದ್ದರು. ಬಿಚ್ಚಿಟ್ಟು ಆರಾಮಾಗಿ ಮಗ್ಗಿಯ ಬಗ್ಗೆ, ಬಸ್ ಪಾಸಿನ ಬಗ್ಗೆ ನನ್ನ ಜೊತೆ ಮಾತಾಡಿದ್ದರು.

ಸಿಸ್ಟರ್ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. "ನಾನು ಬಂದದ್ದು ಆಗಸ್ಟ್‌ನಲ್ಲಿ. ನನಗಿಂತ ಮೊದಲು ಇದ್ದವರೂ ಇದನ್ನು ತೆಗೆಯಿರಿ ಅಂತ ಹೇಳಿದ್ದಾರಾ?"

ನಮ್ಮ ಹಿಂದಿನ ಓಣಿಯವರು ಎದ್ದು ನಿಂತು, ಕೈ ಕಟ್ಟಿಕೊಂಡು, ಭಾಳ ವಿನಯದಿಂದ ಕೇಳಿದರು: "ಹಂಗಾದ್ರ ಸಿಸ್ಟರ್, ಸೋಮವಾರದಿಂದ ಹಾಕಸಬೋದೇನ್ರಿ?"

"ಅಯ್ಯೋ, ಅದನ್ನು ನನ್ನ ಹತ್ತಿರ ಯಾಕೆ ಕೇಳ್ತೀರಿ ಅಮ್ಮಾ?" ಎಂದರು ಸಿಸ್ಟರ್.

ಅಷ್ಟರಲ್ಲಿ ಚಹಾ ಬಂತು, ಎಲ್ಲರೂ ಕುಡಿದರು. ನಾನು ತುಂಬಿದ ಕಪ್ಪು ಅಲ್ಲೇ ಕಿಟಕಿಯ ಮೇಲಿಟ್ಟು ಮಗಳನ್ನು ಕರೆದುಕೊಂಡು ಬಂದೆ.